ಮೇಲಿನ ಮನೆಯ ಅಜ್ಜಿಯ ತಂತಿ, ಅಜ್ಜನ ಕುಂಚ

ಕರ್ಪೂರದ ಡಬ್ಬಿ ತೆರೆದರೆ ಬೇರೆಯವರಿಗೆ ದೇವರ ನೆನಪಾಗುತ್ತದೆ. ನನಗೆ ಮೇಲಿನ ಮನೆಯ ಚೀನೀ ಅಜ್ಜಿ ನೆನಪಾಗುತ್ತಾರೆ. ಮೊನ್ನೆ ಸಂಜೆಯೂ ಹಾಗೇ ಆಯಿತು. "ಅಮ್ಮಾ, ರೌಖ್‌ಮೆಲ್ಡರ್!" ಎಂದು ಮಗಳು ಸೂರಿನಲ್ಲಿದ್ದ ಹೊಗೆ ಅಲಾರಂ ಕಡೆ ಬೆರಳು ಮಾಡುತ್ತಿದ್ದಳು. ನಾನೋ, ಆರತಿ ಹಚ್ಚುವುದನ್ನೇ ಮರೆತು ಡಬ್ಬಿ ಮೂಸುತ್ತ ನಿಂತಿದ್ದೆ. ಅವರ ಮನೆಯ ಮಸಿಗೆ ಇದೇ ವಾಸನೆ ಇತ್ತು...

ಅಮೆರಿಕದ ಹಾಗೆ ಜರ್ಮನಿಯೂ ಕಂಪ್ಯೂಟರ್ ಕೆಲಸಕ್ಕೆ ನಮ್ಮಂಥವರನ್ನು ಗ್ರೀನ್ ಕಾರ್ಡ್ ಕೊಟ್ಟು ಕರೆಸಿಕೊಳ್ಳುತ್ತಿದ್ದ ವರ್ಷಗಳವು. ಕರೆಸಿಕೊಂಡದ್ದು ನನ್ನ ಗಂಡನನ್ನು. ನಾನು ಅವರ ಸೂಟ್‌ಕೇಸುಗಳ ಜೊತೆ ಬಂದವಳು. ಕೆಲಸ ಮಾಡಲು ನನಗೆ ಪರ್ಮಿಟ್ ಇರಲಿಲ್ಲ. ರೇಗನ್ಸ್‌ಬರ್ಗಿನ ಆ ಎರಡು ಕೋಣೆಯ ಮನೆಯಲ್ಲಿ ಗೋಡೆ ನೋಡಿ ನೋಡಿ ಸಾಕಾಗಿ ಜರ್ಮನ್ ಕ್ಲಾಸಿಗೆ ಸೇರಿದೆ. ಪಕ್ಕದ ಕುರ್ಚಿಯಲ್ಲಿ ನಮ್ಮ ಮೇಲಿನ ಮನೆಯ ಅಜ್ಜಿಯೇ ಕೂತಿದ್ದರು. ಅವರ ಮಗ ಚಿಪ್ ಫ್ಯಾಕ್ಟರಿಯಲ್ಲಿ ಎಂಜಿನಿಯರ್. ಅಪ್ಪ ಅಮ್ಮನನ್ನು ಕೆಲ ಕಾಲಕ್ಕೆಂದು ಕರೆಸಿಕೊಂಡಿದ್ದ. ನಮ್ಮಿಬ್ಬರ ಜರ್ಮನ್ನೂ ಅಷ್ಟಕ್ಕಷ್ಟೇ. ಆದರೂ ಮೆಟ್ಟಿಲ ಮೇಲೆ ಸಿಕ್ಕರೆ ಹರಟೆ ಮುಗಿಯುತ್ತಿರಲಿಲ್ಲ. ಮಾತು ಸಾಲದ ಕಡೆ ಕೈ, ಕಣ್ಣು, ಹುಬ್ಬು ಎಲ್ಲ ದುಡಿಯುತ್ತಿದ್ದವು.

ಮಧ್ಯಾಹ್ನ ಸದ್ದು ಮಾಡಬಾರದ ಹೊತ್ತು, ಅಂದರೆ ಇಲ್ಲಿಯ ರೂಹೆಟ್ಸೈಟ್, ಮುಗಿದದ್ದೇ ತಡ, ಅಜ್ಜಿ ನನ್ನನ್ನು ಮೇಲಕ್ಕೆ ಕರೆಯುತ್ತಿದ್ದರು. ಅವರ ಹತ್ತಿರ ಉದ್ದನೆಯ ತಂತಿವಾದ್ಯವೊಂದಿತ್ತು. ಗುಝೆಂಗ್ ಅಂತ ಹೆಸರು. ನೋಡಲು ನಮ್ಮ ಸ್ವರಮಂಡಲದ ದೊಡ್ಡಕ್ಕನ ಹಾಗೆ. ಅಜ್ಜಿ ಶ್ರುತಿ ಮಾಡುತ್ತಿದ್ದರೆ ಅಜ್ಜ ಕಿಟಕಿಯ ಬಳಿ ಕೂತು, ನಾವು ಗಂಧ ತೇಯುವಂತೆ, ಕಲ್ಲಿನ ಮೇಲೆ ಮಸಿಕಡ್ಡಿ ತೇಯುತ್ತಿದ್ದರು. ಮನೆಯೆಲ್ಲ ಕರ್ಪೂರದ ವಾಸನೆ. ಒಬ್ಬರು ನುಡಿಸುವಾಗ ಇನ್ನೊಬ್ಬರು ಕುಂಚದಿಂದ ಚೀನೀ ಅಕ್ಷರ ಬರೆಯುವುದು ಅವರ ಮದುವೆಯಾದಾಗಿನಿಂದ ಬಂದ ರೂಢಿಯಂತೆ. ಆದರೆ ಅಜ್ಜನಿಗೆ ಲಕ್ವ ಹೊಡೆದು ಬಲಗೈ ನಡುಗುತ್ತಿತ್ತು. ನನ್ನೆದುರು ಅವರು ಮಸಿ ತೇಯುತ್ತಿದ್ದರೇ ಹೊರತು ಕುಂಚ ಮುಟ್ಟುತ್ತಿರಲಿಲ್ಲ.

"ಬರೀತಾರೆ," ಎಂದರು ಅಜ್ಜಿ ಒಂದು ದಿನ, ದನಿ ತಗ್ಗಿಸಿ. "ನಾವಿಬ್ಬರೇ ಇದ್ದಾಗ. ಜನ ಬಂದರೆ ಇಲ್ಲ. ನಾಚಿಕೆ."

ಅಜ್ಜಿಯ ಹಟವೂ ಸಣ್ಣದಲ್ಲ. ಕ್ಲಾಸಿನ ಕೊನೆಗೆ ಒಂದು ಹಬ್ಬ, ಎಲ್ಲರೂ ಅವರವರ ದೇಶದ್ದು ಏನಾದರೂ ತರಬೇಕು. ನಾನು ಚಕ್ಕುಲಿ ಎಂದೆ. ಅಜ್ಜಿ ಗಂಡನನ್ನು ಒಂದು ಮಾತೂ ಕೇಳದೆ ನುಡಿಸಲು ತಮ್ಮ ಹೆಸರು, ಬರೆಯಲು ಅವರ ಹೆಸರು ಎಂದು ಎರಡನ್ನೂ ಕೊಟ್ಟುಬಿಟ್ಟರು. ಮನೆಗೆ ಬರುವಾಗ ಮೆಟ್ಟಿಲ ಮೇಲೆ ನಿಂತು, "ಜನರ ಮುಂದೆ ಬರೆಯದೆ ಊರಿಗೆ ಹೋದರೆ, ಅಲ್ಲಿ ಇವರು ಕುಂಚ ಮುಟ್ಟೋದೇ ಇಲ್ಲ," ಎಂದರು. ಅಷ್ಟು ಸರಿಯಾದ ಜರ್ಮನ್ ಅವರು ಯಾವತ್ತೂ ಮಾತಾಡಿರಲಿಲ್ಲ. ಮೊದಲೇ ಬಾಯಿಪಾಠ ಮಾಡಿಕೊಂಡಿದ್ದರೇನೋ.

ಹಬ್ಬದ ದಿನ ಅಜ್ಜಿ ನುಡಿಸಲು ಕೂತರು. ಅಜ್ಜ ಮೇಜಿನ ಮೇಲೆ ಹಾಸಿದ ಬಿಳಿ ಕಾಗದದ ಮುಂದೆ ಕುಂಚ ಹಿಡಿದು ನಿಂತರು. ಕೈ ನಡುಗುತ್ತಿದ್ದುದು ಹಿಂದಿನ ಸಾಲಿಗೂ ಕಾಣುತ್ತಿತ್ತು. ನೋಡಲು ಬಂದಿದ್ದ ಜರ್ಮನರೆಲ್ಲ ತೊಡೆಯ ಮೇಲೆ ಕೈ ಇಟ್ಟುಕೊಂಡು ಪರೀಕ್ಷೆಗೆ ಬಂದವರಂತೆ ಕೂತಿದ್ದರು. ಅಜ್ಜಿ ಎಡಗೈಯಿಂದ ತಂತಿಯನ್ನು ಒತ್ತಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಉದ್ದನೆಯ ಮೀಂಡ್ ಎಳೆದರು. ಅದರ ಜೊತೆಗೇ ಅಜ್ಜನ ಕುಂಚ ಕಾಗದದ ಮೇಲೆ ಇಳಿಯಿತು. ನನ್ನದು ಧಾರವಾಡದ ಕಿವಿ. ಅಲ್ಲಿ ಇಂಥ ಜಾಗಕ್ಕೆ ಸುಮ್ಮನೆ ಕೂತವರಿಗೆ ಸಂಗೀತ ತಿಳಿಯುವುದಿಲ್ಲ ಎಂದೇ ಲೆಕ್ಕ. ಬಾಯಿಂದ ತಾನಾಗಿ "ವ್ಹಾ!" ಹೊರಟೇಹೋಯಿತು, ಅದೂ ಗಟ್ಟಿಯಾಗಿ.

ಅಜ್ಜನ ಕೈ ನಿಂತಿತು. ಕುಂಚದಿಂದ ಒಂದು ಹನಿ ಮಸಿ ಕಾಗದದ ಮೇಲೆ ತೊಟಕ್ಕೆಂದು ಬಿತ್ತು. ಇಡೀ ಹಾಲ್ ನನ್ನ ಕಡೆ ತಿರುಗಿತು.

"ಹಂಗ್ಯಾಕ ಒದರಿದಿ? ಇದೇನ್ ಧಾರವಾಡ ಅಂದ್ಕೊಂಡಿ ಏನ?" ಎಂದು ಗಂಡ ಕಿವಿಯಲ್ಲಿ ಗದರಿದರು. ನೆಲ ಬಾಯಿಬಿಡಬಾರದೇ ಎನಿಸಿತು ನನಗೆ.

ಅಜ್ಜಿ ಮಾತ್ರ ನಿಲ್ಲಿಸಲಿಲ್ಲ. ಅದೇ ಸಾಲನ್ನು ಮತ್ತೆ ನುಡಿಸಿದರು, ಮತ್ತೆ, ಮತ್ತೆ... ನಮ್ಮಲ್ಲಿ ತಬಲಾದವರಿಗಾಗಿ ಹಾರ್ಮೋನಿಯಂ ಒಂದೇ ನಗಮಾ ಹಿಡಿದು ಕಾಯುತ್ತದಲ್ಲ, ಹಾಗೆ. ಕಣ್ಣು ತಂತಿಯ ಮೇಲಿರಲಿಲ್ಲ, ಗಂಡನ ಕೈಯ ಮೇಲಿತ್ತು. ಆಮೇಲೆ ನನ್ನ ಕಡೆ ನೋಡಿ ಗದ್ದ ಎತ್ತಿದರು. ಇನ್ನೊಮ್ಮೆ ಹೇಳು ಎಂದು! ನನ್ನ ಗಂಡ ಸೆರಗು ಹಿಡಿದೆಳೆಯುತ್ತಿದ್ದರೂ ಹೇಳಿಯೇಬಿಟ್ಟೆ: "ವ್ಹಾ."

ಅಜ್ಜ ನನ್ನನ್ನು ನೋಡಿದರು. ಕೆನ್ನೆ ಕೆಂಪಾಯಿತು, ಚಿಕ್ಕ ಹುಡುಗನ ಹಾಗೆ. ಹನಿಯನ್ನು ಅದರ ಪಾಡಿಗೆ ಬಿಟ್ಟು, ಕುಂಚ ಅದ್ದಿ ಮತ್ತೆ ಇಳಿಸಿದರು. ಗೆರೆ ನಡುಗಿತು, ಆದರೂ ನಡೆಯಿತು. ಕಾಗದ ತುಂಬುವವರೆಗೆ ಬರೆದರು.

ಮುಗಿದ ಮೇಲೆ ಕ್ಷಮೆ ಕೇಳಲು ಹೋದರೆ ಅಜ್ಜಿ ನನ್ನ ಕೈ ಹಿಡಿದು ಮೂಲೆಗೆ ಎಳೆದುಕೊಂಡು ಹೋದರು. "ನೀನು ಮೊದಲು ವ್ಹಾ ಅಂದದ್ದು ನನ್ನ ತಂತಿಗೆ. ಗೊತ್ತು ನನಗೆ. ಅವರು ತಮ್ಮ ಗೆರೆಗೆ ಅಂದುಕೊಂಡಿದ್ದಾರೆ. ಇರಲಿ ಬಿಡು, ಹೇಳಬೇಡ." ಕಾಯಿಲೆ ಬಿದ್ದಾಗಿನಿಂದ ಎಲ್ಲರೂ ಅಜ್ಜನಿಗೆ ಅಯ್ಯೋ ಪಾಪ ಎಂದವರೇ. ಆ ಕೈಗೆ ಭೇಷ್ ಎಂದವರು ಒಬ್ಬರೂ ಇರಲಿಲ್ಲವಂತೆ.

ಅಲ್ಲಿಂದ ಮುಂದೆ ಅಜ್ಜ ನನ್ನೆದುರಿಗೂ ಬರೆದರು. ಮುಂದಿನ ಚಳಿಗಾಲ ದಾಟುವ ಮೊದಲೇ ತೀರಿಕೊಂಡರು. ಊರಿಗೆ ಹೊರಡುವ ಮುನ್ನ ಅಜ್ಜಿ ಒಮ್ಮೆ ನನ್ನನ್ನು ಮೇಲಕ್ಕೆ ಕರೆದು, ಒಬ್ಬರೇ ಕೂತು ನುಡಿಸಿದರು. ಅದೇ ಮೀಂಡ್ ಬಂತು. ಈ ಸಲ ಬೇಕೆಂದೇ, ಅವರಿಗೆಂದೇ, "ವ್ಹಾ" ಎಂದೆ. ಅಜ್ಜಿ ನಕ್ಕರು. ನಗುತ್ತಲೇ ಕಿಟಕಿಯ ಬಳಿಯ ಖಾಲಿ ಕುರ್ಚಿಯ ಕಡೆ ತಿರುಗಿದರು, ಅಜ್ಜನಿಗೆ ಕೇಳಿಸಿತೋ ಇಲ್ಲವೋ ಎಂದು ನೋಡಲು.

ಆಮೇಲೆ ಅವರ ಸುದ್ದಿ ತಿಳಿಯಲಿಲ್ಲ. ಈಗ ಇರಲಿಕ್ಕಿಲ್ಲ... ಬಹಳ ಪ್ರೀತಿಸಿದ್ದೆ ಆ ಅಜ್ಜಿಯನ್ನು. ಅವರದೇ ಆಗಿರಲಿ ಎಂದು ನಾನು ಕೊಟ್ಟದ್ದು ಆ ಒಂದು ವ್ಹಾ. ಅದನ್ನೂ ಅವರು ತಮಗೆಂದು ಇಟ್ಟುಕೊಳ್ಳಲಿಲ್ಲ.