ಗಚ್ಚಿಯ ಮೇಲೆ ಗೇಣೆತ್ತರ ಆಲಿಕಲ್ಲು, ಕಿಂಡಿಯಲ್ಲಿ ಹಸಿರು ಬಟ್ಟೆ

ಯಾರೋ ಮೇಲಿಂದ ಚೀಲಗಟ್ಟಲೆ ಕಡಲೆ ಸುರಿದ ಹಾಗೆ ಸದ್ದು... ಓಡಿ ಬಂದು ನೋಡಿದರೆ ಆಲಿಕಲ್ಲು.

ನಮ್ಮವರ ಬ್ಯಾಂಕ್ ನೌಕರಿಯಿಂದಾಗಿ ನಾವು ನಾಸಿಕ್‌ಗೆ ಟ್ರಾನ್ಸ್‌ಫರ್ ಆಗಿ ಬಂದ ಎರಡನೇ ವರ್ಷ ಅದು. ಚಳಿಗಾಲ ಮುಗಿಯುತ್ತಾ ಬಂದಿದ್ದ ಒಂದು ಭಾನುವಾರ ಮಧ್ಯಾಹ್ನ. ಹತ್ತು ನಿಮಿಷ ಬಾರಿಸಿ ನಿಂತಿತು.

ಗಚ್ಚಿಗೆ, ಅಂದರೆ ಇಲ್ಲಿಯವರ ಮಾತಿನ ಟೆರೇಸ್‌ಗೆ ಹತ್ತಿದರೆ ಎಲ್ಲಾ ಬೆಳ್ಳಗೆ. ಗೋಡೆಯಂಚಿಗೆ ಗೇಣೆತ್ತರದ ರಾಶಿ. ಬೀದರ್ ಕಡೆಯ ಬಿಸಿಲಲ್ಲಿ ಬೆಳೆದ ನನಗೆ ಖುಷಿಗೆ ತಲೆ ಕೆಟ್ಟೇ ಹೋಯಿತು. ಮಗಳನ್ನು ಮಧ್ಯೆ ನಿಲ್ಲಿಸಿ ಫೋಟೋ ತೆಗೆದು ಫ್ಯಾಮಿಲಿ ಗ್ರೂಪ್‌ಗೆ ಹಾಕಿದೆ. "ಕಾಶ್ಮೀರ ನೋಡೋರು ನಮ್ಮನಿಗೇ ಬರ್ರಿ" ಅಂತ.

ನನ್ನ ಕಾಶ್ಮೀರ ಐದು ನಿಮಿಷವೂ ಉಳಿಯಲಿಲ್ಲ.

ಕೆಳಗಿನಿಂದ ಕಾಕಿ, ನಮ್ಮ ಮನೆ ಓನರ್ ಹೆಂಡತಿ, ಮರಾಠಿಯಲ್ಲಿ ಕೂಗಿದರು. ಗಚ್ಚಿಯ ಕೆಳಗೇ ಇರುವ ಅವರ ಹಾಲ್‌ನ ಛತ್ತಿನಿಂದ ನೀರು ತೊಟ್ಟಿಕ್ಕುತ್ತಿದೆಯಂತೆ.

ಮಗಳನ್ನು ಕೆಳಗೆ ಕಳಿಸಿ ಫೋನ್ ಒಳಗಿಟ್ಟೆ.

ಹಿಂದಿನ ಮಳೆಗಾಲದಲ್ಲಿ ಗಚ್ಚಿಯ ನಲ್ಲಿ ಬಿಟ್ಟು ಮರೆತು, ಅದೇ ಛತ್ತನ್ನು ನೆನೆಸಿದ್ದವಳು ನಾನೇ. ಇನ್ನೊಂದು ಸಲ ನೀರು ಇಳಿದರೆ ಬೇರೆ ಮನೆ ನೋಡಿಕೊಳ್ಳಿ ಎಂದು ಓನರ್ ಕಾಕಾ ಆವತ್ತೇ ಹೇಳಿದ್ದರು. ಎರಡು ವರ್ಷದಲ್ಲಿ ಇದು ನಮ್ಮ ಮೂರನೇ ಮನೆ. ಮಗಳ ಸ್ಕೂಲ್ ಇದೇ ಓಣಿಯ ತುದಿಯಲ್ಲಿ. ಕಾಕಾ ಮನ್ಮಾಡ್‌ಗೆ ತಂಗಿಯ ಮನೆಗೆ ಹೋದವರು ಸಂಜೆಯೊಳಗೆ ಬರುವವರಿದ್ದರು.

ಅಷ್ಟರೊಳಗೆ ಗಚ್ಚಿ ಖಾಲಿಯಾಗಬೇಕು.

ಐಸ್ ತೆಗೆಯಲು ನಮ್ಮಲ್ಲಿ ಏನಿರುತ್ತದೆ ಹೇಳಿ? ಕಸದ ಮೊರ, ಪೊರಕೆ, ರೊಟ್ಟಿ ಹಿಟ್ಟು ನಾದುವ ಪರಾತ. ನಾನು ಪರಾತದಲ್ಲಿ ಬಾಚುವುದು, ನಮ್ಮವರು ಹಿತ್ತಲಿಗೆ ಎಸೆಯುವುದು. ಎರಡು ಸುತ್ತಿಗೇ ಬೆರಳು ಇವೆಯೋ ಇಲ್ಲವೋ ಗೊತ್ತಾಗದಂತಾಯಿತು.

ನಮ್ಮವರಿಗೆ ಒಂದು ಐಡಿಯಾ ಹೊಳೆಯಿತು. ಗೀಸರ್‌ನ ಬಿಸಿನೀರು ತಂದು ಸುರಿದರೆ ಎಲ್ಲಾ ಕರಗುತ್ತದಲ್ಲ... ಬಕೆಟ್ ಹಿಡಿದು ಮೆಟ್ಟಿಲು ಹತ್ತಿಯೂ ಬಿಟ್ಟರು.

"ಹುಚ್ಚ ಹಿಡದದ ಏನೋ ನಿನಗ? ನೀರ ಕಡಿಮಿ ಮಾಡ್ಲಾಕ ಒದ್ದಾಡ್ಲಾಕತ್ತೀವಿ, ನೀ ಮತ್ತ ನೀರ ತರ್ತಿ?"

ಅದು ನಮ್ಮ ಅತ್ತೆ. ಸೀರೆ ಎತ್ತಿ ಕಟ್ಟಿ ಮೇಲೆ ಬಂದು ನಿಂತಿದ್ದರು.

ಅತ್ತೆಯ ಬಗ್ಗೆ ಸ್ವಲ್ಪ ಹೇಳಲೇಬೇಕು. ಶಾವಿಗೆ ಮಾಡಿಕೊಟ್ಟು ಹೋಗುತ್ತೇನೆಂದು ಊರಿನಿಂದ ಗೋಧಿ ಹೊತ್ತು ಬಂದಿದ್ದರು. ಅವರದೊಂದು ಚಾಳಿ, ಎಲ್ಲವನ್ನೂ ಎರಡೆರಡು ಸಲ ಕೇಳುವುದು. ಗ್ಯಾಸ್ ಬಂದ್ ಮಾಡಿದಿ? ಬಾಗಿಲ ಹಾಕಿದಿ? ಹಾಲಿಗೆ ಮುಚ್ಚಳ ಇಟ್ಟಿ? ನನಗೋ ಮೂಗಿನ ತುದಿಯಲ್ಲೇ ಕೋಪ. ನಿಮ್ಮಮ್ಮ ಮನೆಗೆ ಬಂದಿದ್ದಾರೋ ಬ್ಯಾಂಕಿಗೆ ಇನ್‌ಸ್ಪೆಕ್ಷನ್‌ಗೆ ಬಂದಿದ್ದಾರೋ ಎಂದು ನಮ್ಮವರ ಮುಂದೆ ಗೊಣಗಿದ್ದೆ. ಅತ್ತೆ ಅದನ್ನು ಕೇಳಿಸಿಕೊಂಡಿದ್ದರೂ ಕೇಳಿಸಿಕೊಂಡಿರಬಹುದು.

ಈಗ ಅತ್ತೆ ಐಸ್ ಬಾಚಲು ಬರಲೇ ಇಲ್ಲ. ನೆಟ್ಟಗೆ ಮೂಲೆಗೆ ಹೋಗಿ, ಗಚ್ಚಿಯ ನೀರು ಹೊರಗೆ ಬೀಳುವ ಕಿಂಡಿ ಇರುವಲ್ಲಿ ಕೂತು, ರಾಶಿಯೊಳಗೆ ಮೊಣಕೈವರೆಗೆ ಕೈ ತೂರಿಸಿದರು. ತಡಕಾಡಿದರು. ಎಳೆದರು.

ಹೊರಗೆ ಬಂದದ್ದು ಅವರದೇ ಹಳೆಯ ಹಸಿರು ಸೀರೆಯ ತುಂಡು.

ನನಗೆ ಆಗ ನೆನಪಾಯಿತು. ಬೆಳಿಗ್ಗೆ ತೊಳೆದ ಗೋಧಿ ಹರವುವಾಗ, ಕಾಳು ನೀರಿನ ಜೊತೆ ಹೋಗಬಾರದೆಂದು ಕಿಂಡಿಗೆ ಬಟ್ಟೆ ತುರುಕಿದ್ದೆವು. ನಮ್ಮೂರಲ್ಲಿ ಎಲ್ಲರೂ ಹಾಗೇ ಮಾಡುವುದು. ಮಧ್ಯಾಹ್ನ ಗೋಧಿ ಒಳಗೆ ತಂದವಳು ನಾನು.

"ಅರಿವಿ ತಗದಿ ಏನವಾ?" ಎಂದು ಅತ್ತೆ ಆಗಲೇ ಬಟ್ಟೆಯ ಬಗ್ಗೆ ಕೇಳಿದ್ದರು. ಎರಡು ಸಲ. ಮೊಬೈಲ್ ನೋಡುತ್ತಾ "ಹೂಂ ಅತ್ತಿ, ತಗದೀನ್ರಿ" ಎಂದಿದ್ದೆ. ಅದೂ ಎರಡು ಸಲ.

ಅತ್ತೆ ನನ್ನ ಮುಖ ನೋಡಿದರು. ಬಟ್ಟೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ನೀರು ಗಳಗಳ ಎಂದು ಹಿತ್ತಲಿಗೆ ಬೀಳತೊಡಗಿತು. ನನಗೆ ನಾಚಿಕೆಯಾಗಿ ತಲೆ ಎತ್ತಲಾಗಲಿಲ್ಲ.

ಉಳಿದ ರಾಶಿ ಬಾಚುತ್ತಿರುವಾಗಲೇ ಕಾಕಾ ಬಂದರು. ಕೆಳಗೆ ಹಾಲ್ ನೋಡಿಕೊಂಡೇ ಬಂದಿದ್ದರು, ಮುಖ ನೋಡಿದರೆ ಗೊತ್ತಾಗುತ್ತಿತ್ತು. ನೀರು ಯಾಕೆ ನಿಂತಿತು ಎಂದರು. ನೋಡಿದ್ದು ನನ್ನನ್ನೇ.

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಸೊಂಟದ ಬಟ್ಟೆ ತೆಗೆದು ತೋರಿಸಿದರು. ಅವರಿಗೆ ಮರಾಠಿ ಬಾರದು, ಮಾತಾಡಿದ್ದು ಬೀದರ್ ಹಿಂದಿ.

"ಮೈಚ್ ಡಾಲೀ ಥೀ ಭಾಯಿಸಾಬ್. ನಿಕಾಲ್ನಾ ಭೂಲ್ ಗಈ. ಬುಢಾಪಾ ಹೈ." ತುರುಕಿದ್ದೂ ತಾನೇ, ತೆಗೆಯಲು ಮರೆತದ್ದೂ ತಾನೇ, ವಯಸ್ಸಾಯಿತು ಎಂದು.

ಕಾಕಾ ಬಟ್ಟೆ ನೋಡಿದರು, ಅತ್ತೆಯನ್ನು ನೋಡಿದರು. ಪರ ಊರಿನಿಂದ ಬಂದ ಮುದುಕಿ, ಕೈಯೆಲ್ಲಾ ಕೆಂಪಾಗಿದೆ. ಬೈಯುವುದಾದರೂ ಹೇಗೆ? "ಅಸೂ ದ್ಯಾ ಆಜೀ" ಎಂದರು, ಇರಲಿ ಬಿಡಿ ಎಂದು. ಆಮೇಲೆ ನನ್ನ ಕೈಯಿಂದ ಪರಾತ ಇಸಿದುಕೊಂಡು ತಾವೇ ಬಾಚಲು ಶುರುಮಾಡಿದರು.

ಮನೆ ಉಳಿಯಿತು.

ಅಡುಗೆಮನೆಯಲ್ಲಿ ಅತ್ತೆಯ ಕೈಗೆ ಬಿಸಿ ಚಹಾ ಕೊಟ್ಟು, ಯಾಕ್ರಿ ಹಂಗಂದ್ರಿ ಎಂದು ಕೇಳಿದೆ.

"ನಾ ನಾಕ ದಿನಕ್ಕ ಊರಿಗಿ ಹೋಗಾಕಿ. ನೀ ಇಲ್ಲೇ ಇರಾಕಿ" ಎಂದರು. ಒಂದು ಗುಟುಕು ಕುಡಿದು, "ಗ್ಯಾಸ್ ಬಂದ್ ಮಾಡಿದಿ?"

ಮಾಡಿದ್ದೆ. ಆದರೂ ಎದ್ದು ಹೋಗಿ ನೋಡಿಬಂದೆ.

ನಿಮ್ಮ ತಪ್ಪನ್ನು ಹೀಗೆ ಸದ್ದಿಲ್ಲದೆ ತಮ್ಮ ಸೊಂಟಕ್ಕೆ ಸಿಕ್ಕಿಸಿಕೊಂಡವರು ನಿಮ್ಮ ಮನೆಯಲ್ಲಿ ಯಾರಿದ್ದಾರೆ?