ಅರುಂಧತಿ ಕಾಣದ ಸಂಜೆ

ನಮ್ಮ ವರ್ತಕ ನಗರದ ಹೌಸಿಂಗ್ ಸೊಸೈಟಿಯಲ್ಲಿ ಕಮಲಾಕ್ಷ ರಾಯರಷ್ಟು ಹಟಮಾರಿ ಇನ್ನೊಬ್ಬರಿಲ್ಲ. ಉಡುಪಿಯಿಂದ ಬಂದು, ಇಲ್ಲೇ ಹತ್ತಿರದ ಮಹಾಪೆಯ ಕಂಪನಿಯೊಂದರಲ್ಲಿ ದುಡಿದವರು. ನಿವೃತ್ತರಾದಾಗ ಬೇರೆಯವರು ಕಾಶಿಗೆ ಹೋದರೆ ಇವರು ಟೆಲಿಸ್ಕೋಪ್ ಕೊಂಡರು. ಮೊಬೈಲಿನ ನಕ್ಷತ್ರಪಟದಲ್ಲಿ ಆಕಾಶದ ತುಂಬ ಚುಕ್ಕಿಗಳು. ನಮ್ಮ ಟೆರೇಸಿನಿಂದ ಕಾಣುವುದು ಬೆರಳೆಣಿಕೆಯಷ್ಟು. ಹಾಗೆಂದು ಯಾರಾದರೂ ಅಂದರೆ ಮುಗಿಯಿತು, ರಾಯರಿಗೆ ಸಿಟ್ಟು ಮೂಗಿನ ತುದಿಯಲ್ಲೇ. "ಪಟ ಸರಿ ಉಂಟು. ನಿಮಗೆ ನೋಡ್ಲಿಕ್ಕೆ ಬರುದಿಲ್ಲ" ಎಂದು ಬಾಯಿ ಮುಚ್ಚಿಸುತ್ತಿದ್ದರು. ಹೆಂಡತಿ ಸತ್ಯಭಾಮಕ್ಕನಿಗೂ ಅದೇ ಪಾಠ.

ಈ ಮೇ ತಿಂಗಳಲ್ಲಿ ಭಾಮಕ್ಕನಿಗೆ ಹೃದಯದ ಆಪರೇಷನ್ ನಿಶ್ಚಯವಾಯಿತು. ಆಸ್ಪತ್ರೆಗೆ ಸೇರುವ ಹಿಂದಿನ ಸಂಜೆ ಅರುಂಧತಿಯನ್ನು ನೋಡಲೇಬೇಕೆಂದು ಕೂತರು. ಮದುವೆಯ ದಿನ ಭಟ್ಟರು ಗಂಡ-ಹೆಂಡತಿಗೆ ತೋರಿಸುವ, ವಸಿಷ್ಠನ ಪಕ್ಕದ ಸಣ್ಣ ನಕ್ಷತ್ರ ಅದು. ಅದು ಕಣ್ಣಿಗೆ ಬೀಳದವರು ಹೆಚ್ಚು ದಿನ ಬದುಕುವುದಿಲ್ಲ ಎಂದು ಆಕೆಯ ಅಜ್ಜಿ ಹೇಳುತ್ತಿದ್ದರಂತೆ.

ನಮ್ಮ ಲಿಫ್ಟ್ ಟೆರೇಸಿನ ತನಕ ಹೋಗುವುದಿಲ್ಲ. ಕೊನೆಯ ಮೆಟ್ಟಿಲುಗಳನ್ನು ಆಕೆ ರಾಯರ ಕೈ ಹಿಡಿದು ಹತ್ತಿದರು. ಟೆಲಿಸ್ಕೋಪ್ ಹೊತ್ತು ಪಕ್ಕದ ಮನೆಯ ನಾನೂ ಹಿಂದೆ ಹೋದೆ. ಮಳೆಗಾಲಕ್ಕೆ ಮುಂಚಿನ ಮೋಡ, ಅದಕ್ಕೆ ಊರಿನ ದೀಪಗಳ ಬೆಳಕು ಬಡಿದು ಆಕಾಶ ಅಕ್ಕಿ ತೊಳೆದ ನೀರಿನಂತಿತ್ತು. ಮೊಬೈಲಿಗೆ ಮೋಡ ಗೊತ್ತಿಲ್ಲ. ಅದರಲ್ಲಿ ವಸಿಷ್ಠ, ಅರುಂಧತಿ ಜೋಡಿಯಾಗಿ ಹೊಳೆಯುತ್ತಿದ್ದರು.

ರಾಯರು ಪಟ ನೋಡಿ ಕೊಳವೆ ತಿರುಗಿಸಿದರು. ಭಾಮಕ್ಕ ಬಹಳ ಹೊತ್ತು ಕಣ್ಣಿಟ್ಟರು.

"ನನಗೆ ಎಂತದೂ ಕಾಣುದಿಲ್ಲ."

ರಾಯರೂ ನೋಡಿದರು. "ನನಗೂ ಇಲ್ಲ ಭಾಮಾ. ಮೋಡ ಉಂಟು. ಇವತ್ತು ಯಾರಿಗೂ ಕಾಣುದಿಲ್ಲ."

"ಪಟದಲ್ಲಿ ಉಂಟಲ್ಲ?"

"ಪಟದಲ್ಲಿ ಇದ್ದದ್ದೆಲ್ಲ ಕಾಣ್ಬೇಕಂತ ಇಲ್ಲ."

ಆಕೆ ಗಂಡನ ಮುಖವನ್ನೇ ನೋಡಿದರು. "ಇಷ್ಟು ವರ್ಷ ಒಮ್ಮೆಯೂ ಹೀಗೆ ಹೇಳ್ಲಿಲ್ಲ ನೀವು. ಈಗ ನನ್ನ ಸಮಾಧಾನಕ್ಕೆ ಹೇಳ್ತಾ ಇದ್ದೀರಿ."

ರಾಯರ ಗತ್ತೆಲ್ಲ ಇಳಿದುಹೋಯಿತು. "ದೇವರಾಣೆ, ಕಾಣುದಿಲ್ಲ" ಎಂದರು. ಆಮೇಲೆ ನನ್ನ ತೋಳು ಹಿಡಿದು ಎಳೆದರು. "ಲೀಲಾಧರ, ನೀನಾದ್ರೂ ನೋಡಿ ಹೇಳು ಮಾರಾಯ!"

ನೋಡಿದೆ. ಬರೀ ಬೂದು. ನಿಜ ಹೇಳುವುದಕ್ಕೆ ನನಗೆ ಅಷ್ಟು ಭಯ ಎಂದೂ ಆಗಿರಲಿಲ್ಲ. "ನನಗೂ ಕಾಣ್ತಿಲ್ಲ ಭಾಮಕ್ಕ" ಎಂದೆ.

"ಇಬ್ಬರೂ ಮೊದಲೇ ಮಾತಾಡಿಕೊಂಡು ಬಂದಿದ್ದೀರಿ" ಎಂದು ಆಕೆ ನಕ್ಕರು. ಸಿಟ್ಟೇನೂ ಇರಲಿಲ್ಲ. ರಾಯರು ಮತ್ತೆ ಕಣ್ಣಿಟ್ಟು ಕೊಳವೆಯನ್ನು ಅತ್ತ ಇತ್ತ ತಿರುಗಿಸತೊಡಗಿದರು. ಭಾಮಕ್ಕ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದರು:

"ಇವರಿಗೆ ಸಾರಿನಲ್ಲಿ ಖಾರ ಜಾಸ್ತಿ ಆದ್ರೆ ಆಗುದಿಲ್ಲ. ನಿನ್ನ ಹೆಂಡತಿಗೆ ಹೇಳಿಡು."