ದೀಪಕ್ಕೆ ಹಾಕಿದ ಹಾರ

ಸೋಮವಾರ ಬೆಳಿಗ್ಗೆ ನಮ್ಮ ಕಚೇರಿಯ ಎ.ಸಿ. ಬಿಡುತ್ತಿದ್ದ ಮೊದಲ ಉಸಿರಿಗೆ ಒಂದು ವಿಶಿಷ್ಟ ವಾಸನೆಯಿತ್ತು. ಅದನ್ನು ಬಣ್ಣಿಸಲು ನಾನು ಬಹುಕಾಲ ಹೆಣಗಿದ್ದೇನೆ. ಒದ್ದೆ ಕಾಲುಚೀಲ ಎಂದರೆ ಕಾಲುಚೀಲಕ್ಕೆ ಅವಮಾನ, ಮುಗ್ಗಿದ ಗೋಣಿ ಎಂದರೆ ವಾಸನೆಗೇ ಅನ್ಯಾಯ. ಭಾನುವಾರವೆಲ್ಲ ಬಾಯಿ ಮುಚ್ಚಿಕೊಂಡಿದ್ದ ಯಂತ್ರ ಅಂದು ಆಕಳಿಸಿತೆಂದರೆ ನಾವು ಸಾಲಾಗಿ ಕರವಸ್ತ್ರ ತೆಗೆಯುತ್ತಿದ್ದೆವು. ಬೆಳಗಿನ ಪ್ರಾರ್ಥನೆಗೆ ಎದ್ದು ನಿಂತ ಶಾಲಾಮಕ್ಕಳಲ್ಲೂ ಅಂಥ ಶಿಸ್ತು ಇರಲಾರದು. ಕಿಟಕಿ ತೆರೆಯೋಣವೆಂದರೆ ಇದು ಪೀಣ್ಯ. ಪಕ್ಕದ ಶೆಡ್ಡಿನಲ್ಲಿ ತಗಡು ಕತ್ತರಿಸುವ ಸದ್ದು, ರಸ್ತೆಯಲ್ಲಿ ಲಾರಿಗಳ ಧೂಳು. ಆದ್ದರಿಂದ ಕಿಟಕಿಗಳನ್ನು ಖಾಯಮ್ಮಾಗಿ ಮುಚ್ಚಿ, ಒಬ್ಬರು ಬಿಟ್ಟ ಉಸಿರನ್ನು ಇನ್ನೊಬ್ಬರು ಎಳೆದುಕೊಳ್ಳುವ ಸಹಕಾರಿ ಪದ್ಧತಿಯಲ್ಲಿ ಬದುಕಿದ್ದೆವು.

ನಮ್ಮದು ನೀರೆತ್ತುವ ಪಂಪು ತಯಾರಿಸುವ ಕಂಪನಿ. ಪಂಪಿನ ಜೊತೆ ಪೆಟ್ಟಿಗೆಯಲ್ಲಿ ಹೋಗುವ ಕನ್ನಡ ಕೈಪಿಡಿಯ ಕರ್ತೃ ನಾನು. ನನ್ನ ಕೃತಿಗಳು ಯಾವ ಸಾಹಿತಿಯ ಕೃತಿಯೂ ಮುಟ್ಟದ ಹೊಲಗದ್ದೆಗಳನ್ನು ಮುಟ್ಟಿವೆ, ಆದರೆ ಅವುಗಳನ್ನು ಓದಿದ ಒಬ್ಬ ಮಹಾನುಭಾವರೂ ನನಗೆ ಇದುವರೆಗೆ ಸಿಕ್ಕಿಲ್ಲ. ಮೋಟಾರು ಕೈಕೊಟ್ಟಾಗ ಜನ ಪುಸ್ತಕ ಬಿಚ್ಚುವುದಿಲ್ಲ, ಫೋನು ಮಾಡುತ್ತಾರೆ. ಆ ಫೋನು ಎತ್ತುತ್ತಿದ್ದವರು ಗಿರಿಜಕ್ಕ.

ಗಿರಿಜಕ್ಕ ದಾವಣಗೆರೆ ಕಡೆಯವರು. ಹಣೆಯ ಮೇಲೆ ಅಚ್ಚುಕಟ್ಟಾದ ವಿಭೂತಿ, ಕಿವಿಯ ಮೇಲೆ ಹೆಡ್‌ಫೋನು. ಗಂಡ ಬ್ಯಾಂಕಿನಲ್ಲಿದ್ದಾರೆ, ಮಗಳು ಓದುತ್ತಿದ್ದಾಳೆ, ಮನೆ ಟಿ. ದಾಸರಹಳ್ಳಿಯ ಅಪಾರ್ಟ್‌ಮೆಂಟಿನಲ್ಲಿದೆ. ಕೆಲಸ ಮಾಡಲೇಬೇಕೆಂಬ ಒತ್ತಾಯ ಅವರಿಗೇನೂ ಇರಲಿಲ್ಲ. ಅವರಿಗೆ ಆ ಕೆಲಸ ಇಷ್ಟವಿತ್ತು. ಹೊಲದಲ್ಲಿ ನಿಂತು ಕೆಂಡವಾಗಿ ಬೈಯುತ್ತಿದ್ದವರು ಅವರ ದನಿ ಕೇಳಿ ತಣ್ಣಗಾಗಿ, ಕೊನೆಗೆ ತಮ್ಮ ಮಗಳ ಮದುವೆಗೆ ಕರೆದು ಫೋನಿಟ್ಟದ್ದನ್ನು ನಾನೇ ಕೇಳಿದ್ದೇನೆ. ನಾನು ಪುಟಗಟ್ಟಲೆ ಬರೆದು ಸಾಧಿಸಲಾಗದ್ದನ್ನು ಅವರು ಒಂದು ‘ಹೇಳ್ರೀ ಅಣ್ಣಾರ’ದಲ್ಲಿ ಸಾಧಿಸುತ್ತಿದ್ದರು. ಸ್ವಲ್ಪ ಹೊಟ್ಟೆಕಿಚ್ಚೂ ಇತ್ತು ನನಗೆ, ಇರಲಿ.

ಅಂಥ ದನಿಗೆ ಕೆಮ್ಮು ಅಂಟಿಕೊಂಡಿತು. ಮನೆಯಲ್ಲಿ ಇಲ್ಲ, ಮೆಟ್ರೋದಲ್ಲಿ ಇಲ್ಲ, ಕಚೇರಿಯ ಬಾಗಿಲು ದಾಟಿ ಕುಳಿತರೆ ಶುರು. ಮಾತಿನ ನಡುವೆ ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂದು, ಆಚೆ ಕಡೆಯವರು ಲೈನು ಕಟ್ಟಾಯಿತೆಂದು ಫೋನಿಡುತ್ತಿದ್ದರು. ನಮ್ಮ ಮ್ಯಾನೇಜರ್ ಶ್ರೀಧರ್ ಕೆಟ್ಟವರಲ್ಲ. “ಮೇಡಂ, ನಿಮ್ಮನ್ನ ಮೆಸೇಜ್ ಸೀಟಿಗೆ ಹಾಕ್ತೀನಿ. ಮಾತಾಡೋ ಹಾಗೇ ಇಲ್ಲ, ಬರೀ ಟೈಪ್ ಮಾಡೋದು. ಆರೋಗ್ಯ ಮುಖ್ಯ ಅಲ್ವಾ?” ಎಂದರು. ಗಿರಿಜಕ್ಕ ತಲೆಯಾಡಿಸಿ ನನ್ನ ಮೇಜಿನ ಹತ್ತಿರ ಬಂದು, “ಬರಿಯೋದು ನಿಮ್ಮಂಥೋರ ಕೆಲ್ಸ ರೀ. ನನ್ ಬಾಯಿ ಕಟ್ಟಿ ಕೂರ್ಸಿದ್ರ ನಾ ಇಲ್ಲಿಗ್ಯಾಕ ಬರ್ಬೇಕು?” ಎಂದರು. ಆ ಸೀಟಿಗೆ ಹೋದರೆ ಅವರು ಕೆಲಸವನ್ನೇ ಬಿಡುತ್ತಾರೆಂದು ನನಗೆ ಖಚಿತವಾಯಿತು.

ಸೀಟು ಬದಲಾಗುವ ಮೊದಲು ಎ.ಸಿ.ಯನ್ನೊಮ್ಮೆ ನೋಡಿಸೋಣವೆಂದು ಶ್ರೀಧರ್ ಕರೆಸಿದವರು ನಯಾಜ್. ನಯಾಜ್ ತಮ್ಮ ಕೆಲಸವನ್ನು ನಾಟಕದ ಕಂಪನಿಯವರಂತೆ ಮಾಡುವವರು, ಪ್ರೇಕ್ಷಕರಿಲ್ಲದಿದ್ದರೆ ಸ್ಪ್ಯಾನರ್ ಕೈಗೆತ್ತಿಕೊಳ್ಳುವುದೇ ಇಲ್ಲ. ಎ.ಸಿ. ಕೋಣೆಯ ದೊಡ್ಡ ಪೆಟ್ಟಿಗೆ ತೆರೆದು ನಮಗೆಲ್ಲ ದರ್ಶನ ಮಾಡಿಸಿದರು. ಗಾಳಿಯನ್ನು ತಂಪು ಮಾಡುವ ಕೊಳವೆಗಳ ಸುರುಳಿ ಸದಾ ಬೆವರುತ್ತದೆ, ಆ ನೀರು ಕೆಳಗಿನ ತಟ್ಟೆಗೆ ಇಳಿಯುತ್ತದೆ. ಕತ್ತಲೆ, ತೇವ, ನಾವೆಲ್ಲ ಸೇರಿ ಒದಗಿಸಿದ ಧೂಳು; ಬೂಷ್ಟಿಗೆ ಇದಕ್ಕಿಂತ ಸುಖದ ಸಂಸಾರ ಬೇಕೆ? ಸುರುಳಿಯ ತುಂಬ ಕಪ್ಪು ಲೋಳೆ ಹಬ್ಬಿತ್ತು. ನಯಾಜ್ ಅದನ್ನು ತೊಳೆದು, “ತೊಳದ್ರೆ ಮತ್ತೆ ಬರ್ತದೆ ಸಾರ್. ಇದಕ್ಕೆ ಲೈಟೇ ಮದ್ದು,” ಎಂದು ಸುರುಳಿಗೆ ಎದುರಾಗಿ ಉದ್ದನೆಯ ನೇರಳಾತೀತ ದೀಪಗಳನ್ನು ಜೋಡಿಸಿದರು. “ಉರಿಯೋವಾಗ ನೋಡಂಗಿಲ್ಲ, ಮೈಗೆ ತಗಲಂಗಿಲ್ಲ. ಬಾಗಿಲು ತೆಗದ್ರೆ ತಾನೇ ಆಫ್ ಆಗ್ತದೆ.”

ನಾನು ಮನಸೋತದ್ದು ಇಲ್ಲೇ. ಹಾಸಿಗೆಯನ್ನು ಬಿಸಿಲಿಗೆ ಹಾಕುತ್ತಿದ್ದ ನಮ್ಮಮ್ಮನಿಗೆ ಬೆಳಕಿನ ಈ ಗುಣ ಗೊತ್ತಿತ್ತು. ಆದರೆ ಈ ದೀಪದ ಕಿರಣ ಬಿಸಿಲಿನಲ್ಲೂ ನಮಗೆ ಸಿಗುವುದಿಲ್ಲ. ಸೂರ್ಯನಿಂದ ಹೊರಟರೂ ವಾಯುಮಂಡಲ ಅದನ್ನು ಮೇಲೆಯೇ ತಡೆದು ನಿಲ್ಲಿಸುತ್ತದೆ. ಆಕಾಶವೇ ಭೂಮಿಗೆ ಬೇಡವೆಂದದ್ದನ್ನು ತಂದು ಪೀಣ್ಯದ ಒಂದು ತಗಡಿನ ಪೆಟ್ಟಿಗೆಯಲ್ಲಿ ಕೂಡಿಹಾಕಿ, ಕಸಬರಿಗೆ ತಾಗದ ಸಂದಿಯನ್ನು ಶುಚಿಯಾಗಿಡುವ ಉದ್ಯೋಗ ಕೊಟ್ಟ ಮನುಷ್ಯನ ಬುದ್ಧಿಗೆ ಏನೆನ್ನಬೇಕು? ನಮ್ಮ ಕಣ್ಣಿಗೆ ಕಾಣುವ ನೀಲಿ ಅದರ ಚಿಲ್ಲರೆ ಅಂಶ ಮಾತ್ರ, ನಿಜವಾದ ದುಡಿಮೆ ಕಾಣದ ಬೆಳಕಿನದು. ಅದು ಕಾಣದ ಕ್ರಿಮಿಯನ್ನು ನಿರ್ವೀರ್ಯಗೊಳಿಸುತ್ತದೆ, ಅದರ ಸಂತಾನ ಅಲ್ಲಿಗೇ ಮುಗಿಯುತ್ತದೆ. ಸದ್ದಿಲ್ಲ, ಸುಗಂಧದ ಸೋಗಿಲ್ಲ. ಸಣ್ಣ ಕೆಲಸ ಮಾಡಿ ಎಲ್ಲರಿಗೂ ಮೇಲ್ ಕಳಿಸುವ ನನ್ನಂಥವನು ಅದರ ಮುಂದೆ ತಲೆತಗ್ಗಿಸಬೇಕು.

ಬಾಗಿಲಿನ ಮೇಲೆ ಅಂಟಿಸುವ ಎಚ್ಚರಿಕೆಯನ್ನು ಬರೆಯುವ ಭಾಗ್ಯ ನನ್ನದಾಯಿತು. ‘ದೀಪವನ್ನು ನೇರವಾಗಿ ನೋಡಬೇಡಿ. ಬರಿಗೈಯಿಂದ ಮುಟ್ಟಬೇಡಿ.’ ಜನ ಓದಿದ ನನ್ನ ಮೊದಲ ಕೃತಿ ಅದು.

ಕೆಲವು ವಾರಗಳಲ್ಲಿ ಸೋಮವಾರದ ವಾಸನೆ ಹೋಯಿತು. ಗಿರಿಜಕ್ಕನ ಕೆಮ್ಮು ಇಳಿಯುತ್ತ ಇಳಿಯುತ್ತ ನಿಂತೇಹೋಯಿತು. ಶ್ರೀಧರ್ ಸೀಟಿನ ಮಾತು ಎತ್ತಲಿಲ್ಲ.

ಅಷ್ಟರಲ್ಲಿ ಆಯುಧಪೂಜೆ ಬಂತು. ಪೀಣ್ಯದಲ್ಲಿ ಅಂದು ಪೂಜೆಗೊಳ್ಳದ ವಸ್ತುವಿಲ್ಲ. ಲೇತ್ ಯಂತ್ರಕ್ಕೆ, ತಕ್ಕಡಿಗೆ, ಕಂಪ್ಯೂಟರಿಗೆ, ಕಾಫಿ ಯಂತ್ರಕ್ಕೆ, ಎಲ್ಲದಕ್ಕೂ ಕುಂಕುಮ, ಚೆಂಡುಹೂ. ಗಿರಿಜಕ್ಕ ಮಾತ್ರ ತಮ್ಮ ಫೋನನ್ನು ಬಿಟ್ಟು ನೇರವಾಗಿ ಎ.ಸಿ. ಕೋಣೆಗೆ ನಡೆದರು. “ನನ್ ದನಿ ಉಳಿಸಿದ್ದು ಆ ದೀಪ. ಅದಕ್ಕ ಪೂಜಿ ಇಲ್ಲಂದ್ರ ಹೆಂಗ?” ಎಂದರು. ಪೂಜೆಗೆಂದು ಬಂದಿದ್ದ ನಯಾಜ್ ದೀಪ ಆರಿಸಿ, ಪೆಟ್ಟಿಗೆಯ ಬಾಗಿಲನ್ನು ತಾವೇ ತೆರೆದು ಹಿಡಿದರು. ಗಿರಿಜಕ್ಕ ನನ್ನ ‘ಬರಿಗೈ’ ಎಚ್ಚರಿಕೆಯನ್ನು ಮರೆತು ಭಕ್ತಿಯಿಂದ ಒಂದೊಂದು ದೀಪಕ್ಕೂ ಮೂರು ಬೆರಳಿನ ವಿಭೂತಿ ಎಳೆದು, ಎಲ್ಲವನ್ನೂ ಸುತ್ತುವಂತೆ ದಪ್ಪನೆಯ ಚೆಂಡುಹೂವಿನ ಹಾರ ಹಾಕಿದರು. ಕರ್ಪೂರದಾರತಿಯಾಯಿತು. ನಾನು ಕಣ್ಣು ಮುಚ್ಚಿ ಕೈ ಮುಗಿದೆ, ಕಡ್ಲೆಪುರಿಯನ್ನು ಎರಡು ಸಲ ಇಸಿದುಕೊಂಡೆ. ಹಾರ ತೆಗೆಯಬೇಕೆಂದು ಯಾರಿಗೂ ತೋಚಲಿಲ್ಲ. ತೋಚುವುದಾದರೂ ಹೇಗೆ? ಆಯುಧಪೂಜೆಯ ಹಾರವನ್ನು ನಮ್ಮಲ್ಲಿ ಯಾರೂ ತೆಗೆಯುವುದಿಲ್ಲ, ಅದು ಒಣಗಿ ತಾನಾಗಿ ಬೀಳಬೇಕು. ನಯಾಜರ ಬೈಕಿನ ಹ್ಯಾಂಡಲಿಗೂ ದೀಪಾವಳಿ ಕಳೆಯುವವರೆಗೆ ಒಣ ಸೇವಂತಿಗೆ ಜೋತಾಡುತ್ತಿರುತ್ತದೆ.

ಹಾರ ತಾನಾಗಿಯೇ ಬಿತ್ತು. ನಮಗದು ತಿಳಿದದ್ದು ಮೂಗಿನ ಮೂಲಕ. ವಾಸನೆ ಮರಳಿತು, ಬೆನ್ನಿಗೇ ಕೆಮ್ಮು ಮರಳಿತು, ಅದರ ಬೆನ್ನಿಗೆ ಶ್ರೀಧರ್ ಬಂದರು. “ತಿಂಗಳ ಕೊನೆವರ್ಗೂ ನೋಡೋಣ ಮೇಡಂ. ಅವತ್ತು ನಾನೇ ಪಕ್ಕ ಕೂತು ಕಾಲ್ ಕೇಳ್ತೀನಿ. ಕೆಮ್ಮು ಹಿಂಗೇ ಇದ್ರೆ ಆ ಸೀಟಿಗೆ ಹೋಗ್ಲೇಬೇಕು.”

ನಯಾಜ್ ಪೆಟ್ಟಿಗೆ ತೆರೆದರು. ದೀಪದ ಕಿರಣಕ್ಕೆ ಹಾರದ ಪ್ಲಾಸ್ಟಿಕ್ ದಾರ ಪುಡಿಪುಡಿಯಾಗಿ ಹರಿದಿತ್ತು. ಹೂವೆಲ್ಲ ಕೆಳಗಿನ ತಟ್ಟೆಯಲ್ಲಿ ಕೊಳೆತು, ನೀರು ಹೋಗುವ ತೂತಿಗೆ ಬಿರಡೆ ಹಾಕಿದಂತೆ ಕೂತಿತ್ತು. ನಿಂತ ನೀರು ನಾರುತ್ತಿತ್ತು. ದೀಪಗಳ ಮೇಲೆ ವಿಭೂತಿ, ಅದರ ಮೇಲೆ ಧೂಳು. ಬೆಳಕು ಹೊರಗೆ ಬರಲು ಅಲ್ಲಲ್ಲಿ ಮಾತ್ರ ಜಾಗವಿತ್ತು. ಗಿರಿಜಕ್ಕನ ಮುಖ ಸಣ್ಣದಾಯಿತು. “ನನ್ ಕೈಯಾರೆ ನಾನಽ ಮುಚ್ಚಿದ್ನೇನ್ರೀ,” ಎಂದರು. ನಯಾಜ್ ಅವರತ್ತ ನೋಡದೆ, “ಬಾಗಿಲು ಹಿಡ್ದಿದ್ದು ನಾನು ಅಕ್ಕ,” ಎಂದರು. ಎಚ್ಚರಿಕೆಯಲ್ಲಿ ‘ಹಾರ ಹಾಕಬೇಡಿ’ ಎಂದು ಬರೆಯದ ಕರ್ತೃವನ್ನು ಯಾರೂ ಕೇಳಲಿಲ್ಲ. ನಾನೂ ಮುಂದೆ ಬೀಳಲಿಲ್ಲ. ನಯಾಜ್ ಅಂದೇ ತಟ್ಟೆ ತೊಳೆದು, ಸ್ಪಿರಿಟ್ ಬಟ್ಟೆಯಿಂದ ದೀಪಗಳನ್ನು ಒರೆಸಿ ಮತ್ತೆ ಹೊತ್ತಿಸಿದರು.

ಆಮೇಲಿನ ದಿನಗಳಲ್ಲಿ ಗಿರಿಜಕ್ಕನ ಕೆಮ್ಮಿಗೆ ನಾನು ಕಿವಿಗೊಟ್ಟಷ್ಟು ನನ್ನ ಸ್ವಂತ ಎದೆಗೂ ಕೊಟ್ಟವನಲ್ಲ. ಅದು ಇಳಿಯುತ್ತಿತ್ತು, ಆದರೆ ಅವಸರವಿಲ್ಲದೆ.

ತಿಂಗಳ ಕೊನೆಯ ದಿನ ಶ್ರೀಧರ್ ಇನ್ನೊಂದು ಹೆಡ್‌ಫೋನು ಹಾಕಿಕೊಂಡು ಪಕ್ಕದಲ್ಲಿ ಕೂತರು. ಹರಪನಹಳ್ಳಿ ಕಡೆಯ ಅಜ್ಜನೊಬ್ಬರ ಫೋನು ಬಂತು. ಮೋಟಾರು ಗುಂಯ್‌ಗುಡುತ್ತದಂತೆ, ನೀರು ಎತ್ತುವುದಿಲ್ಲವಂತೆ. ಗಿರಿಜಕ್ಕ ಒಂದೊಂದೇ ಪ್ರಶ್ನೆ ಕೇಳುತ್ತ ಹೋದರು. ನಡುವೆ ಒಮ್ಮೆಲೆ ಶ್ರೀಧರ್ ಮುಖ ಕಿವಿಚಿದರು. ಹೆಡ್‌ಫೋನಿನೊಳಗಿನ ಕೆಮ್ಮು ಹೊರಗೆ ಕೂತಿದ್ದ ನನಗೂ ಕೇಳುವಷ್ಟು ಜೋರಾಗಿತ್ತು. ಅವರು ಗಿರಿಜಕ್ಕನ ಕಡೆ ತಿರುಗಿದರು. ಗಿರಿಜಕ್ಕನ ತುಟಿ ಮುಚ್ಚಿತ್ತು. ಅವರು ಬೆರಳಿನಿಂದ ಫೋನಿನ ಕಡೆ ತೋರಿಸಿ ತಾನಲ್ಲವೆಂಬಂತೆ ತಲೆಯಾಡಿಸಿದರು. ಕೆಮ್ಮುತ್ತಿದ್ದವರು ಅಜ್ಜ.

“ಸಾವಕಾಶ ರೀ ಅಜ್ಜಾರ,” ಎಂದರು ಗಿರಿಜಕ್ಕ, ಒಂದಿಷ್ಟೂ ಬಿರುಕಿಲ್ಲದ ದನಿಯಲ್ಲಿ. “ಮೊದ್ಲು ನೀರು ಕುಡೀರಿ. ನಾ ಫೋನ್ ಇಡಂಗಿಲ್ಲ, ಇಲ್ಲೇ ಇರ್ತೀನಿ.”

ಶ್ರೀಧರ್ ಹೆಡ್‌ಫೋನು ತೆಗೆದು ಮೇಜಿನ ಮೇಲಿಟ್ಟರು. “ಇರಿ ಮೇಡಂ, ಇಲ್ಲೇ ಇರಿ,” ಎಂದು ಎದ್ದುಹೋದರು. ಅದು ಗಿರಿಜಕ್ಕನಿಗೆ ಕೇಳಿಸಿತೋ ಇಲ್ಲವೋ, ಅವರು ಎರಡೂ ಕೈಯಲ್ಲಿ ಹೆಡ್‌ಫೋನನ್ನು ಕಿವಿಗೆ ಒತ್ತಿಕೊಂಡು ಅಜ್ಜನ ಕೆಮ್ಮು ನಿಲ್ಲುವುದನ್ನೇ ಕಾಯುತ್ತ ಕೂತಿದ್ದರು.